ಮೃತ್ಯುಪತ್ರ, ವಾಟ್ನಿ ಮತ್ತು ವಾರಸಾ

ಬೆಳಗಾವಿಯ ಲಿಂಗರಾಜ ಮಹಾವಿದ್ಯಾಲಯದ ಹೆಸರನ್ನು ಅರಿಯದ ವಿದ್ಯಾವಂತರು ಈ ಭಾಗದಲ್ಲಿ ವಿರಳ. 1933ರಲ್ಲಿ ಆರಂಭವಾದ ಆ ಮಹಾವಿದ್ಯಾಲಯವು ಹೊತ್ತಿರುವುದು ಸಿರಸಂಗಿಯ ಲಿಂಗರಾಜ ದೇಸಾಯಿಯವರ (1861–1906) ಹೆಸರನ್ನು. ಸ್ವತಃ ದತ್ತಕರಾಗಿ ದೇಸಗತಿಗೆ ಬಂದ ಈ ಮಹನೀಯರು ತಮ್ಮ ನವಲಗುಂದ-ಸಿರಸಂಗಿ ಸಂಸ್ಥಾನದ ಸ್ವತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗವಾಗುವಂತೆ ಮೃತ್ಯುಪತ್ರ ಬರೆದಿಟ್ಟು ಲಿಂಗೈಕ್ಯರಾದರು. ಅದರಿಂದ ಮೈದಳೆದ ವಿಶ್ವಸ್ತ ನಿಧಿಯು ಒಂದು ಶತಮಾನಕ್ಕೂ ಮಿಕ್ಕಿ ಬಡ ವಿದ್ಯಾರ್ಥಿಗಳ ಕೈಹಿಡಿಯುತ್ತ ಬಂದಿದೆ. ಅವರ ಔದಾರ್ಯವನ್ನು ಸಭೆ-ಸಮಾರಂಭಗಳಲ್ಲಿ ಎಲ್ಲರೂ ಸ್ಮರಿಸುತ್ತಾರೆ. ಆದರೆ ಆ ಔದಾರ್ಯವು ಒಂದು ಕಾಗದದ ಮೇಲೆ, ಕಾಯಿದೆಯು ಒಪ್ಪುವ ರೀತಿಯಲ್ಲಿ ಬರೆಯಲ್ಪಟ್ಟಿದ್ದರಿಂದಲೇ ಉಳಿದುಬಂದಿತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಇದೇ ಜಿಲ್ಲೆಯ ಇನ್ನೊಂದು ವಾರಸಾ ಪ್ರಕರಣವು ಸರ್ವವಿದಿತವಾದುದು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ ತೀರಿಕೊಂಡಾಗ ಅವರು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ದತ್ತಕದ ಪತ್ರವನ್ನೇ ಅವನು ಸಂಶಯದಿಂದ ಕಂಡನು. ಮುಂದೆ ನಡೆದುದು ಇತಿಹಾಸ. ಕಂಪನಿ ಸರಕಾರದ ದುರಾಶೆಯೇ ಅಲ್ಲಿ ಮೂಲ ಕಾರಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಒಡೆಯನು ಮರಣಶಯ್ಯೆಯಲ್ಲಿರುವಾಗ ಹೊರಬೀಳುವ ಕಾಗದದ ಮೇಲೆ ಸಂಶಯದ ಕಣ್ಣು ಬೀಳುವುದು ಅಂದಿನಂತೆ ಇಂದಿಗೂ ಸತ್ಯ. ಚಿಕ್ಕೋಡಿ, ಅಥಣಿ, ರಾಯಬಾಗದ ನ್ಯಾಯಾಲಯಗಳಲ್ಲಿ ವರ್ಷಾನುಗಟ್ಟಲೆ ನಡೆಯುವ ಪಾಲುವಾಟ್ನಿ ದಾವೆಗಳಿಗೆ ಆಸ್ತಿಯ ಆಶೆಯಷ್ಟೇ ಕಾರಣವಲ್ಲ. ಯಾವುದು ತನ್ನದು, ಯಾವುದು ಮನೆತನದ್ದು ಎಂಬುದನ್ನು ಹಿರಿಯನು ತನ್ನ ಜೀವಿತಕಾಲದಲ್ಲಿ ಬಿಡಿಸಿ ಬರೆದಿಡದೆ ಹೋಗುವುದೂ ಅಷ್ಟೇ ಬಲವಾದ ಕಾರಣವಾಗಿದೆ.

ಇಪ್ಪತ್ತನಾಲ್ಕು ಎಕರೆಯ ಲೆಕ್ಕ

ಮೃತ್ಯುಪತ್ರದ ವಿಚಾರಕ್ಕೆ ಮೊದಲು, ಅದಿಲ್ಲದಿದ್ದರೆ ಏನಾಗುವುದೆಂಬುದನ್ನು ತಿಳಿಯಬೇಕು. 1956ರ ಜೂನ್ 17ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ ಹಾಗೂ ಲಿಂಗಾಯತರ ಹೆಸರು ಸ್ಪಷ್ಟವಾಗಿ ನಮೂದಾಗಿದೆ. ಧರ್ಮದ ಸ್ವರೂಪವನ್ನು ಕುರಿತ ಚರ್ಚೆ ಏನೇ ಇರಲಿ, ವಾರಸೆಯ ಮಟ್ಟಿಗೆ ಈ ಸಮಾಜದ ಕುಟುಂಬಗಳಿಗೆ ಅನ್ವಯಿಸುವುದು ಇದೇ ಕಾಯಿದೆ. ಇದರ ಪ್ರಕಾರ ಪುರುಷನ ಮೊದಲ ವರ್ಗದ ವಾರಸುದಾರರಲ್ಲಿ ಮುಖ್ಯರಾದವರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ತಾಯಿಯ ಮಾತನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ. ಮಧ್ಯವಯಸ್ಸಿನಲ್ಲಿ ಮಗನು ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಅವನ ಮುಪ್ಪಿನ ತಾಯಿಗೆ ಹೆಂಡತಿ-ಮಕ್ಕಳೊಂದಿಗೆ ಸಮಪಾಲಿದೆ. ತಂದೆಗೆ ಮಾತ್ರ ಆ ವರ್ಗದಲ್ಲಿ ಸ್ಥಾನವಿಲ್ಲ.

ಮನೆತನದ ಪಿತ್ರಾರ್ಜಿತ ಆಸ್ತಿಯ ಲೆಕ್ಕವು ಇದಕ್ಕಿಂತ ತೊಡಕಿನದು. ಕಾಗವಾಡದ ಗಡಿಯಾಚೆ ಕೂಗಳತೆಯಲ್ಲಿರುವ ಸಾಂಗಲಿಯ ನ್ಯಾಯಾಲಯದಲ್ಲಿ ಹುಟ್ಟಿ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದ ಮಗದೂಮ ಪ್ರಕರಣವನ್ನು ಇಂದಿಗೂ ಕಾಯಿದೆಯ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಅಲ್ಲಿ 1960ರಲ್ಲಿ ತೀರಿದ ಯಜಮಾನನ ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಮೂವರು ಹೆಣ್ಣುಮಕ್ಕಳು. ಹೊಲಮನೆ ವಾಟ್ನಿಯಾಗಿರಲಿಲ್ಲ. ತಾಯಿಯೇ ತನ್ನ ಪಾಲಿಗಾಗಿ ದಾವೆ ಹೂಡಿದಳು. ನ್ಯಾಯಾಲಯವು ಅನುಸರಿಸಿದ ಕ್ರಮವನ್ನು ಇಲ್ಲಿ ತಿಳಿವಳಿಕೆಗಾಗಿ 24 ಎಕರೆಗೆ ಹೊಂದಿಸಿ ನೋಡಬಹುದು.

ಮೊದಲು, ಯಜಮಾನನು ಸಾಯುವ ಮುನ್ನಾಕ್ಷಣದಲ್ಲಿ ಮನೆಯಲ್ಲಿ ವಾಟ್ನಿ ನಡೆಯಿತೆಂದು ಭಾವಿಸಬೇಕು. ಮುಂಬಯಿ ಪ್ರಾಂತದಲ್ಲಿ ನಡೆದುಬಂದ ನ್ಯಾಯಪದ್ಧತಿಯಂತೆ ತಂದೆ-ಮಕ್ಕಳು ಬೇರೆಯಾಗುವಾಗ ತಾಯಿಗೂ ಒಂದು ಪಾಲು ಸಲ್ಲುತ್ತದೆ. ಆದ್ದರಿಂದ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು ಎಂದು ನಾಲ್ಕು ಪಾಲು. ಒಬ್ಬೊಬ್ಬರಿಗೆ 6 ಎಕರೆ. ಬಳಿಕ ತಂದೆಯ ಆ 6 ಎಕರೆ ಮಾತ್ರ ಅವನ ಆರು ಜನ ವಾರಸುದಾರರಲ್ಲಿ ಎಕರೆಯಂತೆ ಹಂಚಿಕೆಯಾಗುವುದು. ಹೀಗೆ ತಾಯಿಗೆ 7, ಗಂಡುಮಕ್ಕಳಿಗೆ ತಲಾ 7, ಹೆಣ್ಣುಮಕ್ಕಳಿಗೆ ತಲಾ 1 ಎಕರೆ. ತಾಯಿಗೆ ದೊರೆತ ಇಪ್ಪತ್ತನಾಲ್ಕರಲ್ಲಿ ಏಳು ಭಾಗವೇ ಆ ತೀರ್ಪಿನ ಸಾರ.

ಈ ಲೆಕ್ಕ ಇಂದು ಬದಲಾಗಿದೆ. ಕರ್ನಾಟಕವು 1994ರ ಜುಲೈ 30ರಂದು ತನ್ನದೇ ತಿದ್ದುಪಡಿಯಿಂದ, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರ ತಿದ್ದುಪಡಿಯು ಮದುವೆಯ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಪ್ರಶ್ನೆ ಉಳಿದಿತ್ತು. ಬೆಳಗಾವಿಯಲ್ಲಿ 1992ರಲ್ಲಿ ದಾಖಲಾದ ಒಂದು ದಾವೆಯೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2015ರಲ್ಲಿ ಬದುಕಿರಲೇಬೇಕೆಂಬ ತೀರ್ಪಿಗೆ ಕಾರಣವಾಯಿತು. ಆ ಅಭಿಪ್ರಾಯವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಾಧೀಶರ ಪೀಠವು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬಂದುದು. ತಂದೆ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ವಾಟ್ನಿ, ಖರೀದಿ, ಮೃತ್ಯುಪತ್ರಗಳನ್ನು ಈ ತಿದ್ದುಪಡಿಯು ಅಲುಗಿಸದು.

ಹಾಗಾದರೆ ಅಂಥದೇ ಕುಟುಂಬದ ಯಜಮಾನನು ಇಂದು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ? ತಂದೆ, ತಾಯಿ, ಐವರು ಮಕ್ಕಳು ಎಂದು ಏಳು ಪಾಲು. ತಂದೆಯ ಏಳನೆಯ ಪಾಲು ಮತ್ತೆ ಆರು ಜನರಲ್ಲಿ ಸಮನಾಗಿ ಹಂಚಿಕೆ. ಕೂಡಿಸಿ ನೋಡಿದರೆ ಆರೂ ಜನರಿಗೆ ಸರಿಯಾಗಿ ನಾಲ್ಕು ನಾಲ್ಕು ಎಕರೆ! ಒಂದು ಎಕರೆಯ ಒಡತಿಯಾಗಿದ್ದ ಮಗಳು ಈಗ ಅಣ್ಣನ ಸಮಕ್ಕೆ ಬಂದಿದ್ದಾಳೆ. ಗಂಡುಮಗನ ಏಳು ಎಕರೆ ನಾಲ್ಕಕ್ಕೆ ಇಳಿದಿದೆ. ಊರೂರುಗಳಲ್ಲಿ ಕಾಣುವ ಅಸಮಾಧಾನದ ಮೂಲ ಈ ಮೂರು ಎಕರೆಯಲ್ಲಿದೆ.

ಮೃತ್ಯುಪತ್ರದ ಕೈ ಎಷ್ಟು ಉದ್ದ?

ಈ ಅಸಮಾಧಾನದಿಂದಲೇ ಇತ್ತೀಚೆಗೆ ಅನೇಕ ಹಿರಿಯರು ವಕೀಲರ ಮನೆಯ ಮೆಟ್ಟಿಲೇರುತ್ತಾರೆ. “ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟದ್ದಾಗಿದೆ, ಹೊಲವೆಲ್ಲ ಗಂಡುಮಕ್ಕಳಿಗೆ ಎಂದು ಮೃತ್ಯುಪತ್ರ ಬರೆದುಬಿಡಿರಿ” ಎಂಬುದು ಅವರ ಮಾತು. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಮೃತ್ಯುಪತ್ರವು ಬರೆದಾತನ ಸ್ವಂತದ್ದರ ಮೇಲೆ ಮಾತ್ರ ನಡೆಯುತ್ತದೆ. 1956ರ ಕಾಯಿದೆಯ 30ನೆಯ ಕಲಮು ಮನೆತನದ ಆಸ್ತಿಯಲ್ಲಿಯ ತನ್ನ ಪಾಲನ್ನೂ ಮೃತ್ಯುಪತ್ರದಿಂದ ಕೊಡುವ ಅಧಿಕಾರವನ್ನು ನೀಡಿದೆ, ನಿಜ. ಆದರೆ ಮೇಲಿನ ಲೆಕ್ಕದಲ್ಲಿ ಆ ಪಾಲು ಏಳರಲ್ಲಿ ಒಂದು, ಎಂದರೆ 3 ಎಕರೆ 17 ಗುಂಟೆಯಷ್ಟು. ಉಳಿದ 20 ಎಕರೆ 23 ಗುಂಟೆಯನ್ನು ಕುರಿತು ಅವನು ಎಷ್ಟು ಪುಟ ಬರೆದರೂ ಅದು ಬರಿಯ ಮಸಿ. ಇಡೀ 24 ಎಕರೆಯನ್ನು ಗಂಡುಮಕ್ಕಳಿಗೆ ಬರೆದಿಟ್ಟ ತಂದೆಯು ಅವರಿಗೆ ಆಸ್ತಿಯನ್ನಲ್ಲ, ಒಂದು ದಾವೆಯನ್ನು ಬಿಟ್ಟುಹೋಗುತ್ತಾನೆ.

ಆದುದರಿಂದ ಮೃತ್ಯುಪತ್ರಕ್ಕೆ ಮುಂಚಿನ ಕೆಲಸವೆಂದರೆ ಆಸ್ತಿಯನ್ನು ವಿಂಗಡಿಸುವುದು. ತಾನು ಸಂಬಳದಿಂದ, ವ್ಯಾಪಾರದಿಂದ ಕೊಂಡದ್ದು ಸ್ವಯಾರ್ಜಿತ. ಅಜ್ಜ-ಮುತ್ತಜ್ಜರಿಂದ ವಾಟ್ನಿಯಿಲ್ಲದೆ ಏಕತ್ರದಲ್ಲಿ ನಡೆದುಬಂದದ್ದು ಪಿತ್ರಾರ್ಜಿತ. ಇವೆರಡರ ನಡುವೆ ಇನ್ನೊಂದು ಬಗೆಯಿದೆ: ತಂದೆಯ ಸ್ವಯಾರ್ಜಿತವು 1956ರ ನಂತರ ಅವನ ಮರಣದಿಂದ ಮಗನಿಗೆ ಬಂದಿದ್ದರೆ ಅದು ಮಗನ ಸ್ವಂತದ್ದೇ ಹೊರತು ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟುಹಕ್ಕಿಲ್ಲವೆಂದು 1986ರ ಚಂದರ್ ಸೇನ್ ಪ್ರಕರಣದಲ್ಲಿ ತೀರ್ಮಾನವಾಗಿದೆ. “ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ” ಎಂಬ ಜನವಾಡಿಕೆಯ ಮಾತು ಕಾಯಿದೆಗೆ ಸಮ್ಮತವಲ್ಲ.

ವಿಂಗಡಣೆಯ ನಂತರ ಸಾಧ್ಯವಿದ್ದಲ್ಲಿ ಹಿರಿಯನು ಬದುಕಿರುವಾಗಲೇ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ವಾಟ್ನಿಪತ್ರವನ್ನು ನೋಂದಣಿ ಮಾಡಿಸುವುದು ಅತ್ಯಂತ ಕ್ಷೇಮಕರ. ಪಂಚರ ಸಮಕ್ಷ ಬಾಯಿಮಾತಿನಲ್ಲಿ ವಾಟ್ನಿ ಮಾಡಿ ಬದುವಿಗೆ ಕಲ್ಲು ನೆಟ್ಟುಕೊಳ್ಳುವ ಪದ್ಧತಿ ಕೃಷ್ಣಾತೀರದ ಹಳ್ಳಿಗಳಲ್ಲಿ ಹಿಂದಿನಿಂದ ಬಂದುದು. ಅದಕ್ಕೆ ಗೌರವವೂ ಇತ್ತು. ಆದರೆ 2005ರ ತಿದ್ದುಪಡಿಯು ವಾಟ್ನಿ ಎಂದರೆ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಎಂದು ಹೇಳಿದೆ. ಬಾಯಿವಾಟ್ನಿಯನ್ನು ಸರಕಾರಿ ದಾಖಲೆಗಳ ಬಲವಾದ ಆಧಾರವಿದ್ದಾಗ, ಅದೂ ವಿರಳವಾಗಿ, ಒಪ್ಪಬಹುದೆಂದು ವಿನೀತಾ ಶರ್ಮಾ ತೀರ್ಪು ಎಚ್ಚರಿಸಿದೆ.

ಹೆಣ್ಣುಮಕ್ಕಳ ಸಹಿಯ ಮಾತು ಇಲ್ಲಿಯೇ ಬರುತ್ತದೆ. ತಂದೆಯ ದಿನಕರ್ಮ ಮುಗಿದ ಮೇಲೆ, ಅಥವಾ ಪಂಚಮಿಗೆ ತವರಿಗೆ ಬಂದಾಗ, ಅಕ್ಕತಂಗಿಯರನ್ನು ತಲಾಠಿಯ ಕಚೇರಿಗೆ ಕರೆದೊಯ್ದು “ನಮ್ಮ ತಕರಾರಿಲ್ಲ” ಎಂದು ಸಹಿ ಹಾಕಿಸುವುದು ವಾಡಿಕೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವಳು ಸಹಿ ಮಾಡುತ್ತಾಳೆ. ಪ್ರೀತಿಯಿಂದ ಮಾಡುವವರೂ ಉಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಉತಾರದಲ್ಲಿಯ ಹೆಸರು ಕಂದಾಯ ವಸೂಲಿಯ ಅನುಕೂಲಕ್ಕಾಗಿ ಇರುವಂಥದು, ಅದು ಒಡೆತನವನ್ನು ಹುಟ್ಟಿಸದು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಕ್ಕನ್ನು ನಿಜವಾಗಿ ಬಿಟ್ಟುಕೊಡುವುದಿದ್ದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವೇ ಬೇಕು. ತಿಳಿದು, ಒಪ್ಪಿ, ಬೆಲೆ ಪಡೆದೋ ಪಡೆಯದೆಯೋ ಅವಳು ಬರೆದುಕೊಟ್ಟ ಅಂಥ ಪತ್ರವು ಅಣ್ಣತಮ್ಮಂದಿರಿಗೂ ರಕ್ಷೆ. ಕಚೇರಿಯ ವರಾಂಡದಲ್ಲಿ ಹಾಕಿಸಿಕೊಂಡ ಸಹಿಯು ಇಪ್ಪತ್ತು ವರ್ಷಗಳ ನಂತರ ಅಳಿಯನ ಅಥವಾ ಮೊಮ್ಮಗನ ಕೈಯಲ್ಲಿ ದಾವೆಯಾಗಿ ಮರಳಿ ಬರಬಹುದು.

ಹಾಗಾದರೆ ಮೃತ್ಯುಪತ್ರದ ಉಪಯೋಗವೇನು? ಬಹಳವಿದೆ. ಹೆಂಡತಿಗೆ ವಾಸದ ಮನೆ ಯಾರ ಹಂಗಿಲ್ಲದೆ ಉಳಿಯುವಂತೆ ಮಾಡಬಹುದು. ಬುದ್ಧಿಮಾಂದ್ಯನಾದ ಮಗನಿಗೆ, ಗಂಡನ ಮನೆಯಿಂದ ಮರಳಿದ ಮಗಳಿಗೆ ಹೆಚ್ಚಿನ ಆಧಾರವನ್ನು ಬಿಡಬಹುದು. ನಿಪ್ಪಾಣಿಯ ತಂಬಾಕಿನ ವ್ಯಾಪಾರಸ್ಥನಿಗಂತೂ ಇದು ಇನ್ನೂ ಅಗತ್ಯ. ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಮರಣದಿಂದ ಪಾಲುಗಾರಿಕೆಯ ಪೇಢಿಯೇ ವಿಸರ್ಜನೆಯಾಗುತ್ತದೆಂದು 1932ರ ಪಾಲುಗಾರಿಕೆ ಕಾಯಿದೆ ಹೇಳುತ್ತದೆ. ಗೋದಾಮಿನಲ್ಲಿ ಮಾಲು, ಊರ ತುಂಬ ಉದ್ರಿ. ಲೆಕ್ಕ ಬಲ್ಲವನು ಮಾತ್ರ ಇಲ್ಲ. ಇಂಥಲ್ಲಿ ಮೊದಲು ಪಾಲುಗಾರಿಕೆಯ ಕರಾರುಪತ್ರವನ್ನು ತಿದ್ದಿ, ಆಮೇಲೆ ಮೃತ್ಯುಪತ್ರಕ್ಕೆ ಕೈಹಚ್ಚಬೇಕು.

ಉಳುವವನಿಗೆ ಬಂದ ಭೂಮಿಯ ವಿಷಯದಲ್ಲಿ ಪ್ರತ್ಯೇಕ ಎಚ್ಚರ ಬೇಕು. ಗೇಣಿದಾರನು ತನ್ನ ಗೇಣಿಹಕ್ಕನ್ನು ಮೃತ್ಯುಪತ್ರದ ಮೂಲಕ ಕುಟುಂಬದ ಹೊರಗಿನವರಿಗೆ ಕೊಡಲಾರನೆಂದು ನೆರೆಯ ಜಮಖಂಡಿಯ ಭೂನ್ಯಾಯಮಂಡಳಿಯಿಂದ ಹೋದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತೀರ್ಮಾನಿಸಿತು. ಮಂಡಳಿಯು ಅಧಿಭೋಗದ ಹಕ್ಕನ್ನು ಕೊಟ್ಟ ಮೇಲೆಯೂ ಹದಿನೈದು ವರ್ಷಗಳ ಪರಭಾರೆ ನಿರ್ಬಂಧವಿರುತ್ತಿತ್ತು. ಅಂಥ ಜಮೀನನ್ನು ಕುರಿತ ಹಳೆಯ ಮೃತ್ಯುಪತ್ರಗಳು ಮನೆಯಲ್ಲಿದ್ದರೆ ಅವುಗಳ ತಾರೀಖನ್ನೂ ಬರೆದಾತನ ಮರಣದ ದಿನವನ್ನೂ ಮಂಡಳಿಯ ಆದೇಶದ ತಾರೀಖಿನೊಂದಿಗೆ ತಾಳೆ ಹಾಕಿ ನೋಡುವುದು ಒಳ್ಳೆಯದು.

ಶಿಕ್ಷಕಿಯರು ಮತ್ತು ಮಕ್ಕಳಿಲ್ಲದ ವಿಧವೆಯರು ಗಮನಿಸಲೇಬೇಕಾದ ಒಂದು ಕಲಮಿದೆ. ಹೆಣ್ಣುಮಗಳಿಗೆ ಬಂದ ಆಸ್ತಿ 14ನೆಯ ಕಲಮಿನಂತೆ ಅವಳ ಪೂರ್ಣ ಸ್ವತ್ತು. ಅದನ್ನು ಅವಳು ಬೇಕಾದವರಿಗೆ ಬರೆಯಬಹುದು. ಬರೆಯದೆ, ಮಕ್ಕಳಿಲ್ಲದೆ ತೀರಿದರೆ 15ನೆಯ ಕಲಮು ತಲೆಯೆತ್ತುತ್ತದೆ. ತಂದೆ-ತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೆ ಹೋಗುತ್ತದೆ. ಆದರೆ ಅವಳೇ ದುಡಿದು ಗಳಿಸಿದ್ದು ಗಂಡನ ವಾರಸುದಾರರಿಗೆ! 2009ರ ಓಂಪ್ರಕಾಶ ಪ್ರಕರಣದಲ್ಲಿ, ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ ಗಂಡನ ಮನೆಯಿಂದ ಹೊರದೂಡಲ್ಪಟ್ಟು, ತವರಿನಲ್ಲಿ ನಿಂತು ಓದಿ ನೌಕರಿ ಮಾಡಿದವಳ ಗಳಿಕೆಯು ಅದೇ ಗಂಡನ ಮನೆಯವರಿಗೆ ಹೋಯಿತು. ಕಾಯಿದೆ ಹಾಗಿರುವಾಗ ಸಹಾನುಭೂತಿಗೆ ಎಡೆಯಿಲ್ಲವೆಂದು ನ್ಯಾಯಾಲಯ ಹೇಳಿತು. ಒಂದು ಹಾಳೆಯ ಮೃತ್ಯುಪತ್ರವಿದ್ದಿದ್ದರೆ ಆ ಹಣವು ಅವಳನ್ನು ಸಾಕಿದವರಿಗೆ ಸೇರುತ್ತಿತ್ತು.

ಬರೆಯುವ ಕ್ರಮ

ಮೃತ್ಯುಪತ್ರಕ್ಕೆ ಛಾಪಾಕಾಗದ ಬೇಡ. ಇಂಥದೇ ನಮೂನೆ ಎಂಬುದೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮು ಕೇಳುವುದು ಇಷ್ಟು: ಬರೆದಾತನು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿರಬೇಕು, ಕನಿಷ್ಠ ಇಬ್ಬರು ಸಾಕ್ಷಿದಾರರು ಅದನ್ನು ಕಂಡಿರಬೇಕು ಅಥವಾ ಅದು ತನ್ನ ಸಹಿಯೆಂದು ಅವನ ಬಾಯಿಂದ ಕೇಳಿರಬೇಕು, ಅವರು ಅವನ ಎದುರಿನಲ್ಲಿ ಸಹಿ ಮಾಡಿರಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ನೋಂದಣಿಯಾಯಿತೆಂದ ಮಾತ್ರಕ್ಕೆ ಮೃತ್ಯುಪತ್ರ ರುಜುವಾತಾದಂತಲ್ಲ ಎಂಬುದನ್ನೂ ನೆನಪಿಡಬೇಕು. ತಕರಾರು ಬಂದಾಗ ಸಾಕ್ಷಿದಾರರಲ್ಲಿ ಬದುಕಿರುವ ಒಬ್ಬನಾದರೂ ನ್ಯಾಯಾಲಯದ ಕಟಕಟೆ ಹತ್ತಿ ನುಡಿಯಬೇಕು. ಎಂಬತ್ತರ ಮುದುಕನ ಮೃತ್ಯುಪತ್ರಕ್ಕೆ ಅವನ ಓರಗೆಯ ಇಬ್ಬರು ಗೆಳೆಯರನ್ನು ಸಾಕ್ಷಿ ಮಾಡುವವರು ಈ ಮಾತನ್ನು ಯೋಚಿಸಿರುವುದಿಲ್ಲ. ವಯಸ್ಸಿನಲ್ಲಿ ಕಿರಿಯರೂ ಊರಲ್ಲಿಯೇ ಇರುವವರೂ ಆದ, ಮೃತ್ಯುಪತ್ರದಿಂದ ಏನನ್ನೂ ಪಡೆಯದ ಸಾಕ್ಷಿದಾರರು ಉತ್ತಮರು.

ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣವು (1959) ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಿಯಾಗಿದೆ. ಸಹಿ ನಡುಗಿದೆಯೇ, ಬರೆದಾತನ ಬುದ್ಧಿ ಸ್ಥಿಮಿತದಲ್ಲಿತ್ತೇ, ಲಾಭ ಪಡೆಯುವವನೇ ಮುಂದಾಗಿ ನಿಂತು ಬರೆಸಿದನೇ, ಹತ್ತಿರದ ಸಂಬಂಧಿಕರನ್ನು ಕಾರಣವಿಲ್ಲದೆ ಬಿಟ್ಟಿದೆಯೇ—ಇಂಥ ಸಂಶಯಗಳನ್ನು ನಿವಾರಿಸುವ ಹೊಣೆ ಮೃತ್ಯುಪತ್ರವನ್ನು ಮುಂದಿಡುವವನದೇ ಎಂದು ಅಲ್ಲಿ ಹೇಳಲಾಗಿದೆ. ಆದ್ದರಿಂದ ಮಗನೊಬ್ಬನಿಗೆ ಕಡಿಮೆ ಕೊಡುವುದಿದ್ದರೆ ಅದರ ಕಾರಣವನ್ನು ಬರೆಯಬೇಕು. ಕಾಯಿಲೆಯಾಗಿದ್ದರೆ ವೈದ್ಯರ ಪ್ರಮಾಣಪತ್ರವಿರಬೇಕು. ಈ ಗಡಿಭಾಗದಲ್ಲಿ ಇನ್ನೊಂದು ತೊಡಕುಂಟು. ಬರೆಸುವಾತನು ಕನ್ನಡಿಗ, ದಸ್ತಾವೇಜು ಬರೆಯುವವನ ರೂಢಿ ಮರಾಠಿಯದು. ಅಥವಾ ಇದರ ತಿರುವುಮುರುವು. ತನಗೆ ಓದಲು ಬಾರದ ಭಾಷೆಯಲ್ಲಿ ಬರೆದ ಮೃತ್ಯುಪತ್ರಕ್ಕೆ ಸಹಿ ಮಾಡುವುದೆಂದರೆ ಸಂಶಯಕ್ಕೆ ತಾನೇ ಬಾಗಿಲು ತೆರೆದಂತೆ. ಹಾಗೆ ಮಾಡುವುದು ಅನಿವಾರ್ಯವಾದರೆ, ಓದಿ ಹೇಳಿದವರಾರು, ಯಾವ ಭಾಷೆಯಲ್ಲಿ ತಿಳಿಸಿದರು ಎಂಬುದು ಅದರಲ್ಲಿಯೇ ಬರಬೇಕು.

ಆಸ್ತಿಯ ವಿವರದಲ್ಲಿ ಸರ್ವೆ ನಂಬರು, ಹಿಸ್ಸೆ, ಕ್ಷೇತ್ರ, ಚತುಃಸೀಮೆಗಳಷ್ಟೇ ಸಾಲವು. ಬಾವಿಯ ನೀರಿನ ಪಾಳಿ, ಹೊಳೆಯಿಂದ ತಂದ ಪೈಪು, ಪಂಪಿನ ವಿದ್ಯುತ್ ಸಂಪರ್ಕ, ಬಂಡಿ ಹೋಗುವ ಹಾದಿ ಇವುಗಳನ್ನು ಬರೆಯದಿದ್ದರೆ ಕಬ್ಬು ಬೆಳೆಯುವ ನೆಲದ ವಾಟ್ನಿಯು ಅರ್ಧ ವಾಟ್ನಿಯೇ. ಹೆಸರಿಸಲು ಮರೆತುಹೋದ ಆಸ್ತಿ ಯಾರಿಗೆ, ಪಡೆಯಬೇಕಾದವನು ಮೊದಲೇ ತೀರಿದರೆ ಯಾರಿಗೆ ಎಂಬುದನ್ನೂ ಒಂದೆರಡು ಸಾಲಿನಲ್ಲಿ ಹೇಳಿರಬೇಕು. ಹೊಸದನ್ನು ಬರೆದಾಗ ಹಿಂದಿನದನ್ನು ರದ್ದುಗೊಳಿಸಿದುದಾಗಿ ನಮೂದಿಸಬೇಕು, ಕೊನೆಯದೇ ಊರ್ಜಿತ.

ಬ್ಯಾಂಕು, ವಿಮೆ, ಸಕ್ಕರೆ ಕಾರಖಾನೆಯ ಶೇರು ಇವುಗಳಿಗೆ ನಾಮಿನಿಯ ಹೆಸರಿದ್ದರೆ ಸಾಕೆಂದು ಅನೇಕರ ಭಾವನೆ. ನಾಮಿನಿಯು ಸಾಮಾನ್ಯವಾಗಿ ಹಣವನ್ನು ಕೈಗೆ ಪಡೆಯುವವನೇ ಹೊರತು ಒಡೆಯನಲ್ಲ. ವಾರಸುದಾರರಿಗೆ ಅವನು ಲೆಕ್ಕ ಒಪ್ಪಿಸಬೇಕಾಗುತ್ತದೆ. ಕಂಪನಿಗಳ ಶೇರುಗಳ ಬಗೆಗೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಇದನ್ನೇ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ, ತಂದೆತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣವು ಅವರದೇ ಆಗುವ ಏರ್ಪಾಡಿದೆ. ಮೃತ್ಯುಪತ್ರದಲ್ಲಿ ಒಂದು ಹೆಸರು, ನಾಮಿನಿಯಲ್ಲಿ ಇನ್ನೊಂದು ಹೆಸರು ಇರದಂತೆ ನೋಡಿಕೊಂಡರೆ ಅರ್ಧ ಜಗಳ ತಪ್ಪೀತು. ಶಿಕ್ಷಕರ ಕುಟುಂಬ ನಿವೃತ್ತಿವೇತನವು ಮೃತನ ಆಸ್ತಿಯೇ ಅಲ್ಲವಾದ್ದರಿಂದ ಅದನ್ನು ಮೃತ್ಯುಪತ್ರದಿಂದ ಯಾರಿಗೂ ಕೊಡಲು ಬಾರದು.

ಶಾಲೆಗೋ ಮಠಕ್ಕೋ ಬಿಡುವ ಭಕ್ತರು ಹೆಸರಿನ ವಿಷಯದಲ್ಲಿ ಎಚ್ಚರದಿಂದಿರಬೇಕು. “ಶ್ರೀಗಳ ಪಾದಕ್ಕೆ” ಎಂದು ಭಕ್ತಿಯಿಂದ ಬರೆದ ಮಾತು ಭಾವದಲ್ಲಿ ಸರಿ. ಆದರೆ ಕೊಟ್ಟದ್ದು ವ್ಯಕ್ತಿಗೋ, ಪೀಠಕ್ಕೋ, ಶಿಕ್ಷಣ ಸಂಸ್ಥೆಗೋ ಎಂಬ ಪ್ರಶ್ನೆ ಮುಂದೆ ಹುಟ್ಟಬಹುದು. ಸಂಸ್ಥೆಯ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ಹಣದ ಉದ್ದೇಶ (ವಸತಿನಿಲಯವೋ ವಿದ್ಯಾರ್ಥಿವೇತನವೋ) ಇವನ್ನು ಬರೆದರೆ ದಾನಿಯ ಇಚ್ಛೆ ಕೆಡದು. ಇಲ್ಲಿಯೂ ಸಿರಸಂಗಿಯವರ ಮಾದರಿಯೇ ಕಣ್ಣೆದುರಿಗಿದೆ.

ಪ್ರೊಬೇಟ್ ಎಂಬ ಭಯ

“ಮೃತ್ಯುಪತ್ರ ಮಾಡಿದರೆ ಮಕ್ಕಳು ಪ್ರೊಬೇಟಿಗೆ ಅಲೆಯಬೇಕು” ಎಂಬ ಹೆದರಿಕೆ, ಮುಂಬಯಿಯಲ್ಲಿ ಬಂಧುಗಳಿರುವ ಮನೆಗಳಲ್ಲಿ ಹೆಚ್ಚು. ಪ್ರೊಬೇಟ್ ಎಂದರೆ ಮೃತ್ಯುಪತ್ರವು ನಿಜವಾದುದೆಂದು ನ್ಯಾಯಾಲಯವು ಕೊಡುವ ಪ್ರಮಾಣ. ಈ ಹೆದರಿಕೆ ಬಂದದ್ದು 1925ರ ಕಾಯಿದೆಯ 213ನೆಯ ಕಲಮಿನಿಂದ. ಹಿಂದೂಗಳ ಮಟ್ಟಿಗೆ ಅದು ಮುಖ್ಯವಾಗಿ ಮುಂಬಯಿ, ಮದರಾಸು ನಗರಗಳಲ್ಲಿ ಮತ್ತು ಬಂಗಾಲದಲ್ಲಿ ಮಾಡಿದ ಅಥವಾ ಅಲ್ಲಿಯ ಸ್ಥಿರಾಸ್ತಿಗೆ ಸಂಬಂಧಿಸಿದ ಮೃತ್ಯುಪತ್ರಗಳಿಗೆ ಅನ್ವಯಿಸುತ್ತಿತ್ತು. ಚಿಕ್ಕೋಡಿ, ಅಥಣಿಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದವಾದರೂ ಆ ಕಟ್ಟಳೆ ಇದ್ದುದು ಮುಂಬಯಿ ನಗರಕ್ಕೆ. ಇಲ್ಲಿಯ ಹೊಲಮನೆಗಳಿಗೆ ಅದು ಎಂದೂ ಇರಲಿಲ್ಲ. ಇಲ್ಲಿಯವನು ಮುಂಬಯಿಯಲ್ಲಿ ಒಂದು ಖೋಲಿಯನ್ನು ಕೊಂಡಿದ್ದರೆ ಮಾತ್ರ ಅದರ ಸಲುವಾಗಿ ಪ್ರೊಬೇಟ್ ಬೇಕಾಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ 213ನೆಯ ಕಲಮನ್ನೇ ಕಿತ್ತುಹಾಕಿತು.

ಆದರೂ ಬೇಕೆನಿಸಿದವರು ಜಿಲ್ಲಾ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯಬಹುದು. ಮೃತ್ಯುಪತ್ರದಲ್ಲಿ ನಿರ್ವಾಹಕನೆಂದು ಹೆಸರಿಸಿದವನು ಮೂಲಪತ್ರದೊಂದಿಗೆ ಅರ್ಜಿ ಹಾಕಬೇಕು. ಮರಣದ ದಿನದಿಂದ ಏಳು ದಿನ ಕಳೆಯುವವರೆಗೆ ಪ್ರೊಬೇಟ್ ಕೊಡುವಂತಿಲ್ಲ. ಸಂಬಂಧಿಕರಿಗೆ ನೋಟೀಸು ಹೋಗುತ್ತದೆ. ಯಾರೂ ತಕರಾರು ಮಾಡದಿದ್ದರೆ ಸಾಕ್ಷಿದಾರನ ಹೇಳಿಕೆಯ ಮೇಲೆ ಆದೇಶವಾಗುವುದು, ತಕರಾರು ಬಂದರೆ ಅರ್ಜಿಯೇ ದಾವೆಯ ರೂಪ ತಾಳುವುದು. ನಿರ್ವಾಹಕನನ್ನು ಹೆಸರಿಸದಿದ್ದಲ್ಲಿ ಆಡಳಿತಪತ್ರವನ್ನು ಕೇಳಬೇಕು. ಆ ನ್ಯಾಯಾಲಯವು ಪರೀಕ್ಷಿಸುವುದು ಕಾಗದದ ಸಾಚಾತನವನ್ನೇ ಹೊರತು ಒಡೆತನವನ್ನಲ್ಲ. ಪರರ ಹೊಲವನ್ನು ಬರೆದಿಟ್ಟ ಮೃತ್ಯುಪತ್ರಕ್ಕೂ ಪ್ರೊಬೇಟ್ ದೊರೆಯಬಹುದು, ಹೊಲ ಮಾತ್ರ ದೊರೆಯದು.

ಗಡಿಯಾಚೆ ಕೊಲ್ಲಾಪುರ, ಸಾಂಗಲಿ, ಇಚಲಕರಂಜಿಗಳಲ್ಲಿ ಆಸ್ತಿಯಿರುವವರು ಎರಡೂ ರಾಜ್ಯಗಳ ದಾಖಲೆಗಳನ್ನು ಸರಿಪಡಿಸಬೇಕು. ಅಲ್ಲಿ ಏಳು-ಬಾರಾ, ಇಲ್ಲಿ ಉತಾರ. ಮಹಾರಾಷ್ಟ್ರದ ನ್ಯಾಯಾಲಯಗಳು 1827ರ ಮುಂಬಯಿ ರೆಗ್ಯುಲೇಶನ್ 8ರ ಪ್ರಕಾರ ವಾರಸಾ ಪ್ರಮಾಣಪತ್ರ ಕೊಡುತ್ತವೆ. ಕರ್ನಾಟಕದ ತಹಶೀಲದಾರರ ಕಚೇರಿಯಿಂದ ಪಡೆದ ವಂಶಾವಳಿ ಅಲ್ಲಿ ಎಲ್ಲ ಕೆಲಸಕ್ಕೂ ಸಾಲದು. ಬ್ಯಾಂಕಿನ ದೊಡ್ಡ ಮೊತ್ತ, ಸಾಲಪತ್ರ, ಶೇರುಗಳಿಗೆ ಮೃತ್ಯುಪತ್ರವಿಲ್ಲದಾಗ ದಿವಾಣಿ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುವುದು. ಹೊಲದ ವಾರಸಾ ವರದಿಯನ್ನು 1964ರ ಭೂಕಂದಾಯ ಕಾಯಿದೆಯಂತೆ ಮೂರು ತಿಂಗಳೊಳಗೆ ಕೊಡಬೇಕೆಂದಿದೆ. ಅಜ್ಜನ ಹೆಸರಿನಲ್ಲಿಯೇ ಉಳಿದ ಉತಾರಗಳನ್ನು ನೋಡಿದರೆ ಈ ಮೂರು ತಿಂಗಳು ಮೂವತ್ತು ವರ್ಷವಾದ ಮನೆತನಗಳು ಎಷ್ಟೋ. ಅಷ್ಟರಲ್ಲಿ ಆರು ವಾರಸುದಾರರು ಅರವತ್ತಾಗಿರುತ್ತಾರೆ.

ಕೊನೆಯದಾಗಿ, ಹಳೆಯ ಕಾಗದಗಳ ಮಾತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಆ ಭಾಗದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಹಿರಿಯರ ಪೆಟ್ಟಿಗೆಯಲ್ಲಿರುವ ವಾಟ್ನಿ, ದತ್ತಕ, ಇನಾಮಿನ ಪತ್ರಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ನಿಪ್ಪಾಣಿ, ಕಾಗವಾಡಗಳು ಬೇರೆ ತಾಲೂಕುಗಳಾದ ಮೇಲೆ ದಾಖಲೆಗಳ ಹುಡುಕಾಟಕ್ಕೆ ಚಿಕ್ಕೋಡಿ, ಅಥಣಿಯ ಹಳೆಯ ಕಚೇರಿಗಳಿಗೂ ಹೋಗಬೇಕಾಗುತ್ತದೆ. ಆ ಪತ್ರಗಳ ಲಿಪ್ಯಂತರವನ್ನು ಓದಬಲ್ಲವರು ಇರುವಾಗಲೇ ಮಾಡಿಸಿ, ಮೂಲದೊಂದಿಗೆ ಒಂದೇ ಕಡೆಗೆ ಇಟ್ಟು, ಅದು ಎಲ್ಲಿದೆಯೆಂಬುದನ್ನು ಹೆಂಡತಿಗೂ ಮಕ್ಕಳಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು. ಮೃತ್ಯುಪತ್ರವನ್ನು ಮನೆಯಲ್ಲಿಡಲು ಇಚ್ಛೆಯಿಲ್ಲದವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿಯಿಡಬಹುದು. 1908ರ ನೋಂದಣಿ ಕಾಯಿದೆಯ 42ನೆಯ ಕಲಮಿನಲ್ಲಿ ಈ ಅನುಕೂಲವಿದೆ. ಬರೆದಾತನು ತೀರಿದ ಬಳಿಕ ಅರ್ಜಿ ಕೊಟ್ಟವರ ಎದುರಿನಲ್ಲಿ ಅದನ್ನು ಒಡೆದು, ನಕಲನ್ನು ಪುಸ್ತಕದಲ್ಲಿ ಬರೆದುಕೊಳ್ಳಲಾಗುತ್ತದೆ.